ಕಾರಿನ ಮುರಿದ ತೋಳು

ಕೆಲಸದ ಮೇಲೆ ಗಜೇಂದ್ರಗಡಕ್ಕೆ ಹೋದಾಗ ನನ್ನ ರಿಮೋಟ್ ಕಾರನ್ನೂ ಚೀಲದಲ್ಲಿ ಒಯ್ದಿದ್ದೆ. ಮರುದಿನ ರೋಣದಲ್ಲಿ ನಾವು ಐದಾರು ಹವ್ಯಾಸಿಗಳು ರೇಸ್ ಇಟ್ಟುಕೊಂಡಿದ್ದೆವು. ಓಣಿಯಲ್ಲಿ ಓಡಿಸಿ ನೋಡುವಾಗ ಕಾರು ಒಂದು ಮನೆಯ ಕಟ್ಟೆಗೆ ಬಡಿದು, ಮುಂದಿನ ಗಾಲಿ ಹಿಡಿಯುವ ಪ್ಲಾಸ್ಟಿಕ್ ತೋಳು ಮುರಿಯಿತು. ಹೊಸದು ತರಿಸಲು ವಾರ ಬೇಕು, ಬೆಲೆಯೂ ನನ್ನ ಅಳವಿನದಲ್ಲ.

ಆ ಮನೆಯಿಂದ ಸೀರೆ ನೇಯುವ ಅಕ್ಕ ಒಬ್ಬರು ಹೊರಬಂದರು. "ಮಗಂದೇನ್ರಿ?"

"ಇಲ್ರಿ, ನಂದ."

ನನ್ನ ನರೆತ ಮೀಸೆ ನೋಡಿ ಆಕೆ ನಗು ತಡೆದುಕೊಂಡರು. ಮುರಿದ ತೋಳನ್ನು ತಿರುಗಿಸಿ ನೋಡಿ, ಒಳಗಿನಿಂದ ಮಗ್ಗದ ಹಳೆಯ ನೈಲಾನ್ ತುಂಡೊಂದನ್ನು ತಂದರು. "ಇದು ದಿನಾ ಲಾಳಿ ಹೊಡ್ತ ತಿಂದೈತ್ರಿ. ನಿಮ್ಮ ಕಾರಿಂದು ಯಾವ ಲೆಕ್ಕ?"

ಅಲ್ಲೇ ಕೂತು ಅದನ್ನು ಅವರ ಮನೆಯ ಗರಗಸದಿಂದ ತೋಳಿನ ಆಕಾರಕ್ಕೆ ಕೊಯ್ದೆ, ಕಾದ ಮೊಳೆಯಿಂದ ತೂತು ಹಾಕಿದೆ. ಸಂಜೆಗೆ ಗಾಲಿ ಕೂತಿತು. "ನನ್ನ ಕೈಯಾಗ ಕೊಡ್ರಿ" ಎಂದು ರಿಮೋಟ್ ಇಸಕೊಂಡ ಅಕ್ಕ, ಕಾರನ್ನು ಜೋರಾಗಿ ಓಡಿಸಿ ಬೇಕಂತಲೇ ಎದುರಿನ ಗೋಡೆಗೆ ಗುದ್ದಿಸಿದರು! ನಾನು ಓಡಿಹೋಗಿ ಕಾರನ್ನು ಎತ್ತಿ ನೋಡಿದೆ. ತೋಳಿಗೆ ಏನೂ ಆಗಿರಲಿಲ್ಲ.

"ಈಗ ಹೋಗ್ರಿ ರೇಸಿಗೆ," ಎಂದರು.

ರೋಣದಲ್ಲಿ ನಾನು ಮೂರನೆಯವನಾದೆ. ಗೆದ್ದ ಗೆಳೆಯನೇ ನನ್ನ ಕಾರಿನ ತೋಳನ್ನು ಮುಟ್ಟಿ ನೋಡಿ, ತನಗೂ ಇಂಥ ತುಂಡು ಬೇಕು, ಆ ಅಕ್ಕನ ಮನೆ ಎಲ್ಲಿ ಎಂದು ಕೇಳಿದ. ಸೀರೆ ತರಲಿಕ್ಕೆ ಹೋಗ್ತೀನಿ ಅಂತ ಮನೆಯಲ್ಲಿ ಹೇಳ್ತಾನಂತೆ.