ಬಸದಿಯ ಅಕ್ಕನ ಏಳು ದಿನ

ಅಕ್ಕ ಬಲಗೈಯನ್ನು ಪಶ್ಚಿಮಕ್ಕೆ ಚಾಚಿ, ಸೂರ್ಯನ ಕೆಳಗೆ ನಾಲ್ಕು ಬೆರಳುಗಳನ್ನು ಅಡ್ಡಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು, ಹೆಬ್ಬೆರಳು ಮಾತ್ರ ಹೊರಕ್ಕೆ ಬಾಗಿರುತ್ತಿತ್ತು. ಬಸದಿಯ ಗೇಣುದ್ದದ ಬೀಗದಕೈಯನ್ನು ದಿನಕ್ಕೆ ಎರಡು ಹೊತ್ತು ತಿರುಗಿಸಿ ತಿರುಗಿಸಿ ಅದು ಹಾಗಾಗಿತ್ತು. ಎದುರು ಮನೆಯ ಹೆಂಚಿನಿಂದ ಸೂರ್ಯ ಎಷ್ಟು ಮೇಲಿದ್ದಾನೆ ಎಂದು ಅಳೆದು, "ನಾಲ್ಕು ಬೆರಳು ಉಂಟು, ಬಡಿಸ್ಲಿಕ್ಕೆ ಸಮಯ ಉಂಟು" ಅನ್ನುತ್ತಿದ್ದರು. ನಾಲ್ಕು ಬೆರಳು ಎಂದರೆ ಸೂರ್ಯ ಮುಳುಗಲು ಇನ್ನೂ ಒಂದು ಗಂಟೆ. ಮುಳುಗಿದ ಮೇಲೆ ಅವರ ಬಾಯಿಗೆ ಒಂದು ಅಗುಳೂ ಹೋಗುವಂತಿರಲಿಲ್ಲ. ನಾನು ಮೊಬೈಲ್ ತೆಗೆದು ಸೂರ್ಯಾಸ್ತದ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಹೇಳಿದರೆ, "ಅದು ನಿನ್ನ ಫೋನಿನ ಸೂರ್ಯ. ನನಗೆ ಈ ಸೂರ್ಯ ಸಾಕು" ಎಂದು ಒಳಗೆ ಹೋಗುತ್ತಿದ್ದರು.

ಮೂಡುಬಿದಿರೆಯ ಒಂದು ಓಣಿಯಲ್ಲಿ, ಪ್ರವಾಸಿಗರು ಸಾಮಾನ್ಯವಾಗಿ ಬಾರದ ಒಂದು ಸಣ್ಣ ಬಸದಿಗೆ ತಾಗಿಕೊಂಡು ಅವರ ಮನೆ. ಗಂಡ ತೀರಿಕೊಂಡ ಮೇಲೆ ಬಸದಿಯ ಬೀಗದಕೈ ಅವರಿಗೆ ಬಂದಿತ್ತು. ಬೆಳಿಗ್ಗೆ ತೆರೆಯುವುದು, ಯಾರಾದರೂ ನೋಡಲು ಬಂದರೆ ತೋರಿಸುವುದು, ಸಂಜೆ ಬೀಗ ಹಾಕುವುದು. ಊರಿನವರಿಗೆಲ್ಲ ಅವರು ಬಸದಿಯ ಅಕ್ಕ. ನನಗೂ ಹಾಗೆಯೇ.

ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಮಹಡಿಯ ಮೇಲೆ, ಒಂದು ಟಿಕೇಟು ಆಫೀಸಿನಲ್ಲಿ ಕೆಲಸ ಮಾಡುವವಳು. ಬೆಳುವಾಯಿಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತೇನೆ, ಸಂಜೆ ಬಸ್ಸಿನಲ್ಲಿ ಹೋಗುತ್ತೇನೆ. ಗುರುವಾಯನಕೆರೆ, ಬಂಟ್ವಾಳದ ಕಡೆಯಿಂದಲೂ ದುಬೈ, ದೋಹಾ, ಮಸ್ಕತ್ ಎಂದು ಹೊರಟವರು ನನ್ನ ಮೇಜಿನ ಮುಂದೆ ಕೂತು ಎದ್ದು ಹೋಗಿದ್ದಾರೆ. ಹದಿನೈದು ವರ್ಷದಿಂದ ಜನರನ್ನು ವಿಮಾನ ಹತ್ತಿಸಿದವಳು ನಾನು ಒಮ್ಮೆಯೂ ಹತ್ತಿರಲಿಲ್ಲ. ಇದನ್ನು ಯಾರಾದರೂ ಕೇಳಿದರೆ ನಗುತ್ತಿದ್ದೆ. ಅಮ್ಮ ಒಬ್ಬಳೇ ಇರ್ತಾಳೆ, ರಜೆ ಸಿಗುವುದಿಲ್ಲ, ಬೆನ್ನು ನೋವು, ಹೀಗೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಕ್ಕ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ, ಒಂದು ಭೂಪಟವನ್ನು ನನ್ನ ಮೇಜಿನ ಮೇಲೆ ಬಿಡಿಸಿದರು.

"ಇದು ಎಲ್ಲಿ ಬರ್ತದೆ ನೋಡು."

ಹಿಂದಿನ ದಿನ ಬಸದಿ ನೋಡಲು ಬಂದಿದ್ದ ಒಬ್ಬ ಪರದೇಶಿ ಮುದುಕ, ಹೋಗುವಾಗ ಅದನ್ನು ಅವರ ಕೈಗೆ ಕೊಟ್ಟು ಹೋಗಿದ್ದನಂತೆ. ಅವನ ಊರಿನ ಭೂಪಟ. ಹುಡುಕಿದೆ. ಅಟ್ಲಾಂಟಿಕ್ ಸಮುದ್ರದ ನಟ್ಟನಡುವೆ ಅಝೋರ್ಸ್ ಎಂಬ ದ್ವೀಪಗಳ ಗುಂಪು, ಅದರಲ್ಲಿ ಸಾವೊ ಮಿಗೆಲ್ ಎಂಬ ಒಂದು ದ್ವೀಪ. ಜ್ವಾಲಾಮುಖಿಗಳು ಉಗುಳಿ ಉಗುಳಿ ಆದ ನೆಲ. ಅಕ್ಕನಿಗೆ ಇದ್ಯಾವುದೂ ಮುಖ್ಯವಾಗಿರಲಿಲ್ಲ. ಬಸದಿ ತೋರಿಸಿ ತೋರಿಸಿ ಅಭ್ಯಾಸವಾದ ನಾಲ್ಕು ಇಂಗ್ಲಿಷ್ ಮಾತಿನಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ, ಅವರು ಮುದುಕನಿಂದ ಬೇರೆಯೇ ಒಂದು ಸುದ್ದಿ ತಿಳಿದುಕೊಂಡಿದ್ದರು.

"ಅಲ್ಲಿ ಒಲೆ ಹಚ್ಚುವುದೇ ಬೇಡವಂತೆ ಮಾರಾಯ್ತಿ. ಬೆಳಿಗ್ಗೆ ಪಾತ್ರೆಗೆ ಎಲ್ಲ ತುಂಬಿಸಿ ಕೆರೆಯ ಬದಿಯಲ್ಲಿ ನೆಲದೊಳಗೆ ಇಳಿಸುವುದು. ಮೇಲೆ ಮಣ್ಣು ಮುಚ್ಚುವುದು. ಮಧ್ಯಾಹ್ನ ತೆಗೆಯುವಾಗ ಬೆಂದಿರ್ತದೆ. ಹೌದಾ ಅಂತ ನೋಡು."

ಹೌದಾಗಿತ್ತು. ಕೆರೆಯ ಬದಿಯಲ್ಲಿ ಹಬೆಯಾಡುವ ಗುಂಡಿಗಳ ವೀಡಿಯೊ ತೋರಿಸಿದೆ. ಯಾರ ಪಾತ್ರೆ ಯಾವುದೆಂದು ತಿಳಿಯಲು ಮಣ್ಣಿನ ಗುಪ್ಪೆಗೆ ಹೆಸರಿನ ಚೀಟಿ ಸಿಕ್ಕಿಸಿದ್ದರು. ಅಕ್ಕ ಮೂರು ಸಲ ನೋಡಿದರು. ಪಾತ್ರೆಯೊಳಗೆ ಮಾಂಸ, ಆಲೂಗಡ್ಡೆ, ಕ್ಯಾರೆಟ್ಟು ಇರುವುದು ಕಂಡಾಗ ಮುಖ ಹುಳ್ಳಗಾಯಿತು. ಮಾಂಸ ಬಿಡಿ, ನೆಲದೊಳಗೆ ಬೆಳೆಯುವ ಗಡ್ಡೆಗೆಣಸನ್ನೂ ಅವರು ಮುಟ್ಟುತ್ತಿರಲಿಲ್ಲ. ಕೊನೆಗೆ ತೀರ್ಪು ಕೊಟ್ಟರು: "ನೆಲದೊಳಗೆ ಬೆಳೆದದ್ದು ಬೇಡ. ನೆಲದೊಳಗೆ ಬೆಂದದ್ದು ಆಗ್ತದೆ. ನಮ್ಮ ಪಾತ್ರೆ ನಾವೇ ತೆಗೆದುಕೊಂಡು ಹೋಗುವ. ಹೆಸರುಬೇಳೆ, ಪಡವಲಕಾಯಿ, ಸೌತೆ."

ಆ 'ಹೋಗುವ' ಎಂಬ ಮಾತಿನಿಂದ ನಮ್ಮ ಪ್ರಯಾಣ ಶುರುವಾಯಿತು.

ಭಾನುವಾರ ಮಧ್ಯಾಹ್ನದ ಮೇಲೆ ನಾನು ಅವರ ಜಗಲಿಗೆ ಹೋಗುವುದು ರೂಢಿಯಾಯಿತು. ನೂರು ಪುಟದ ಒಂದು ನೋಟ್‌ಬುಕ್, ಒಂದು ನೀಲಿ ಪೆನ್ನು. ಒಂದು ವಾರ, ಏಳು ದಿನ, ದಿನಕ್ಕೆ ಇಷ್ಟು ಪುಟ. ನಮ್ಮ ಮಾತು ತುಳುವಿನಲ್ಲಿ ಶುರುವಾಗುತ್ತಿತ್ತು, ದ್ವೀಪದ ವಿಷಯ ಬಂದ ಕೂಡಲೇ ಅಕ್ಕ ಕನ್ನಡಕ್ಕೆ ಹೊರಳುತ್ತಿದ್ದರು. ದೂರದ ಪ್ರಯಾಣದ ಮಾತು ಶಾಲೆಯ ಭಾಷೆಯಲ್ಲೇ ಆಗಬೇಕು ಎಂದು ಅವರಿಗೆ ಅನ್ನಿಸುತ್ತಿತ್ತೋ ಏನೋ. ಮಂಗಳೂರಿನಿಂದ ಮುಂಬಯಿ, ಅಲ್ಲಿಂದ ದುಬೈ ಮೂಲಕ ಲಿಸ್ಬನ್, ಲಿಸ್ಬನ್ನಿನಿಂದ ದ್ವೀಪ. ವಿಮಾನದ ಹೊತ್ತುಗಳನ್ನು ನಾನು ಹೇಳುತ್ತಿದ್ದೆ, ಅವರು ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಸಮಯ ಬದಲಾದರೆ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆಯಬೇಕು. ನನ್ನ ಆಫೀಸಿನಲ್ಲಿ ನಿಜವಾಗಿ ಹೊರಟವರೂ ಇಷ್ಟು ಜಾಗ್ರತೆ ಮಾಡಿದ್ದನ್ನು ನಾನು ಕಂಡಿಲ್ಲ.

ಮೊದಲ ದಿನ ಸುಮ್ಮನೆ ಮಲಗುವುದು. ಎರಡನೆಯ ದಿನ ಅರ್ಧ ನೀಲಿ ಅರ್ಧ ಹಸಿರು ಇರುವ ಜೋಡಿ ಕೆರೆ. "ನಮ್ಮ ಊರಿನಲ್ಲಿ ಹದಿನೆಂಟು ಕೆರೆ ಅಂತ ಹೆಸರು. ಒಂದಕ್ಕೂ ಎರಡು ಬಣ್ಣ ಇಲ್ಲ," ಎಂದು ಅವರಿಗೆ ಸ್ವಲ್ಪ ಅಸೂಯೆ. ಮೂರನೆಯ ದಿನ ಪಾತ್ರೆ ಹೂಳುವುದು. ಚಹಾದ ತೋಟಕ್ಕೆ ಒಂದು ದಿನ, ಕಪ್ಪು ಮರಳಿನ ಕಡಲತೀರಕ್ಕೆ ಒಂದು ದಿನ, ಅನನಾಸಿನ ತೋಟಕ್ಕೆ ಒಂದು ದಿನ. ಅಲ್ಲಿ ಅನನಾಸು ಬೆಳೆಯುತ್ತದೆ, ದನಗಳು ಬಹಳ, ಯಾವಾಗ ಬೇಕಾದರೂ ಮಳೆ ಬರುತ್ತದೆ ಎಂದು ನಾನು ಮನೆಯಲ್ಲಿ ಹೇಳಿದಾಗ ಅಮ್ಮ, "ದನ, ಮಳೆ, ಅನನಾಸು ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ಬೆಳುವಾಯಿಗೆ ಬರ್ಲಿಕ್ಕೆ ಹೇಳು ಅವರಿಗೆ" ಅಂದಳು. ಅಕ್ಕನಿಗೆ ಇದನ್ನು ಹೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಅವರ ಕಣ್ಣು ನಿಜವಾಗಿ ಬೆಳಗಿದ್ದು, ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ ಎಂದು ಗೊತ್ತಾದ ದಿನ. "ಒಂಬತ್ತು ಗಂಟೆಗೆ ಊಟ ಮಾಡಿದರೂ ದೋಷ ಇಲ್ಲ! ಹುಟ್ಟಿದ ಮೇಲೆ ಒಂದು ದಿನ ಆರಾಮಾಗಿ ಕೂತು ಉಣ್ಣಬಹುದು ಮಾರಾಯ್ತಿ." ಜೂನೇ ಆಗಬೇಕು ಎಂದು ಅಂದೇ ನಿಶ್ಚಯವಾಯಿತು. ಇನ್ನೊಂದು ಸಂಗತಿಯನ್ನು ಅವರೇ ಲೆಕ್ಕ ಹಾಕಿ ಕಂಡುಹಿಡಿದರು. ಬೇಸಗೆಯಲ್ಲಿ ಆ ದ್ವೀಪದ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ಅವರು ಸಂಜೆಯ ಊಟಕ್ಕೆ ಕೂರುವ ಹೊತ್ತಿಗೆ ಅಲ್ಲಿ ನಡುಮಧ್ಯಾಹ್ನ. ಅಂದಿನಿಂದ ಬಟ್ಟಲು ಎಳೆದುಕೊಳ್ಳುವಾಗೆಲ್ಲ, "ಅಲ್ಲಿ ಈಗ ಪಾತ್ರೆ ಮೇಲೆ ಬರ್ತದೆ" ಎನ್ನುವುದು ಅವರ ಅಭ್ಯಾಸವಾಯಿತು.

ನಾನು ಆ ಪ್ರಯಾಣವನ್ನು ನಂಬಿಬಿಟ್ಟೆ. ಅವರಿಗೆ ಪಾಸ್‌ಪೋರ್ಟ್ ಮಾಡಿಸುವ ಎಂದಾಗ ಒಂದು ವಾರ ಸುಮ್ಮನಿದ್ದು, ಮುಂದಿನ ಭಾನುವಾರ "ಆಯ್ತು" ಅಂದರು. ಇಬ್ಬರೂ ಮಂಗಳೂರಿಗೆ ಹೋದೆವು. ಫೋಟೋ ತೆಗೆಯುವಾಗ ನಗಬಾರದು ಎಂದು ಅಲ್ಲಿಯ ಹುಡುಗಿ ಎರಡು ಸಲ ಹೇಳಬೇಕಾಯಿತು. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು ಎಲ್ಲಿಗೆ ಹೋಗಲಿಕ್ಕೆ ಎಂದು ಕೇಳಿದ್ದಕ್ಕೆ, ಅಕ್ಕ ನೆಲದೊಳಗೆ ಅಡುಗೆ ಮಾಡುವ ವಿಧಾನವನ್ನು ಅವರಿಗೆ ಪೂರ್ತಿ ವಿವರಿಸಿ ಹೇಳಿದರಂತೆ. ಪಾಸ್‌ಪೋರ್ಟ್ ಬಂದಾಗ ಅದಕ್ಕೆ ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಹೊದಿಕೆ ಹಾಕಿದರು.

ಆಮೇಲೆ ಉಳಿದದ್ದು ವೀಸಾ. ಅದಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಿತ್ತು. ನಾನು ಉತ್ಸಾಹದಿಂದ, "ಅಕ್ಕ, ಬುಧವಾರ ಬೆಳಿಗ್ಗೆ ಬಸ್ಸು, ಗುರುವಾರ ಕೆಲಸ ಮುಗಿಸಿ ಶುಕ್ರವಾರ ವಾಪಸ್" ಎಂದೆ.

ಅವರು ನೋಟ್‌ಬುಕ್ ಮುಚ್ಚಿದರು.

"ಬೆಂಗಳೂರಿಗೆ ನಾನು ಬರ್ಲಿಕ್ಕೆ ಆಗುವುದಿಲ್ಲ ಮಗಾ."

"ಯಾಕೆ?"

"ಬೆಳಗೊಳದಿಂದ ಆಚೆ ನಾನು ಹೋಗುವ ಹಾಗಿಲ್ಲ."

ಆಗ ಹೇಳಿದರು. ಹದಿನೇಳು ವರ್ಷದವರಿದ್ದಾಗ ಊರಿಗೆ ಒಬ್ಬರು ಮುನಿಗಳು ಬಂದಿದ್ದರು. ಹುಡುಗಿಯರೆಲ್ಲ ಸಾಲಾಗಿ ಕೂತು ಒಂದೊಂದು ವ್ರತ ತೆಗೆದುಕೊಳ್ಳುತ್ತಿದ್ದರು. ಒಬ್ಬಳು ಬದನೆಕಾಯಿ ಬಿಟ್ಟಳು. ಪಕ್ಕದಲ್ಲಿ ಕೂತವಳು ಮೊಸರು ಬಿಟ್ಟಳು. ಅವಳಿಗಿಂತ ದೊಡ್ಡದು ಬಿಡಬೇಕು ಎಂದು ಇವರಿಗೆ ಹಟ. ದಿಗ್ವ್ರತ ತೆಗೆದುಕೊಳ್ಳುತ್ತೇನೆ ಅಂದರು. ನಾಲ್ಕು ದಿಕ್ಕಿಗೂ ಒಂದೊಂದು ಗಡಿ ಹಾಕಿಕೊಂಡು, ಬದುಕಿರುವವರೆಗೆ ಅದನ್ನು ದಾಟದೆ ಇರುವ ವ್ರತ ಅದು. ಯೋಚಿಸಿ ಹೇಳು ಮಗಳೇ ಎಂದು ಮುನಿಗಳು ಎರಡು ಸಲ ಕೇಳಿದರಂತೆ. ಇವರು ಗೊತ್ತಿದ್ದ ಊರುಗಳನ್ನೆಲ್ಲ ನೆನಪು ಮಾಡಿಕೊಂಡು ಗಡಿ ಹೇಳಿದರು. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಶ್ರವಣಬೆಳಗೊಳ, ಬಡಗಣಕ್ಕೆ ಹೊಂಬುಜ, ತೆಂಕಣಕ್ಕೆ ಮಂಜೇಶ್ವರ.

"ಅದರಿಂದ ಆಚೆ ಏನಾದರೂ ಉಂಟು ಅಂತಲೇ ನನಗೆ ಅನಿಸಿರ್ಲಿಲ್ಲ. ಇಷ್ಟು ದೊಡ್ಡ ಜಾಗ ಇಟ್ಟುಕೊಂಡೆನಲ್ಲ, ಇದು ವ್ರತವಾ ಅಂತ ನಾಚಿಕೆ ಆಗಿತ್ತು."

ನನಗೆ ಸಿಟ್ಟು ಬಂತು. ಎರಡು ವರ್ಷದ ಭಾನುವಾರಗಳು, ಹೊಡೆದು ತಿದ್ದಿದ ಪುಟಗಳು, ಪಾಸ್‌ಪೋರ್ಟು. "ಮತ್ತೆ ಇದೆಲ್ಲ ಯಾಕೆ ಮಾಡಿಸಿದ್ದು? ಮೊದಲೇ ಹೇಳಬಾರದಿತ್ತಾ?" ಎಂದು ಸ್ವರ ಎತ್ತರಿಸಿದೆ.

"ಹೇಳಿದರೆ ನೀನು ಬರುವುದು ನಿಲ್ಲಿಸ್ತಿದ್ದಿ," ಅಂದರು. "ನನ್ನದು ತಪ್ಪು. ಪಾಸ್‌ಪೋರ್ಟ್ ಮಾಡಿಸಿದ್ದು ದೊಡ್ಡ ತಪ್ಪು. ಮಂಗಳೂರು ಗಡಿಯ ಒಳಗೇ ಅಲ್ವಾ, ನನ್ನ ಹೆಸರಿನದ್ದೂ ಒಂದು ಇರಲಿ ಅಂತ ಆಸೆ ಆಯ್ತು."

"ಯಾರಿಗೆ ಗೊತ್ತಾಗ್ತದೆ ಅಕ್ಕ? ಹದಿನೇಳು ವರ್ಷದ ಹುಡುಗಿ ಹಟಕ್ಕೆ ಹೇಳಿದ ಮಾತು."

"ನನಗೆ ಗೊತ್ತಾಗ್ತದಲ್ಲ." ಮತ್ತೆ ಅವರೇ ಹೇಳಿದರು: "ಹೋಗುವ ಆಸೆಯೇ ಇಲ್ಲದಿದ್ದರೆ ಅದು ವ್ರತ ಹೇಗೆ ಆಗ್ತದೆ? ಇಷ್ಟು ವರ್ಷ ನಾನು ಏನನ್ನೂ ಬಿಟ್ಟಿರ್ಲಿಲ್ಲ, ಸುಮ್ಮನೆ ಮನೆಯಲ್ಲಿ ಇದ್ದೆ. ಈ ದ್ವೀಪ ಬಂದ ಮೇಲೆ ಬಿಟ್ಟೆ." ಆಮೇಲೆ ನನ್ನನ್ನೇ ನೋಡಿ, ಸಿಟ್ಟಿಲ್ಲದೆ ಕೇಳಿದರು: "ನನಗೆ ವ್ರತ ಉಂಟು. ನಿನಗೆ ಎಂತ ಉಂಟು? ನಿನಗೆ ಗಡಿ ಹಾಕಿದ್ದು ಯಾರು?"

ನಾನು ಚಪ್ಪಲಿ ಹಾಕಿಕೊಂಡು ಹೊರಟುಬಂದೆ. ಮೂರು ಭಾನುವಾರ ಆ ಓಣಿಗೆ ಕಾಲಿಡಲಿಲ್ಲ. ಆ ಮಾತು ಮಾತ್ರ ಬೆಳುವಾಯಿಯ ಬಸ್ಸಿನಲ್ಲಿ ದಿನಾ ನನ್ನ ಜೊತೆ ಕೂತು ಬರುತ್ತಿತ್ತು. ನಾನು ಹೋದ ಅತಿ ದೂರದ ಊರು ಬೆಂಗಳೂರು, ಅದೂ ಆಫೀಸಿನ ಕೆಲಸಕ್ಕೆ. ಅಕ್ಕನ ಗಡಿಗಿಂತ ನನ್ನ ಗಡಿ ಹೆಚ್ಚೇನೂ ದೊಡ್ಡದಿರಲಿಲ್ಲ, ಹಾಕಿಕೊಂಡದ್ದು ನನಗೇ ಗೊತ್ತಿರಲಿಲ್ಲ ಅಷ್ಟೆ.

ನಾಲ್ಕನೆಯ ವಾರ ಅವರೇ ಮೆಟ್ಟಿಲು ಹತ್ತಿ ಬಂದರು. ನೋಟ್‌ಬುಕ್ ಮೇಜಿನ ಮೇಲಿಟ್ಟು, "ಏಳನೆಯ ದಿನ ಬಾಕಿ ಉಂಟು" ಎಂದರು. ಸಿಟ್ಟು ಎಲ್ಲಿಗೆ ಹೋಯಿತೋ. ಅಲ್ಲಿಂದ ಮುಂದೆ ಇಬ್ಬರೂ ಎಲ್ಲ ಗೊತ್ತಿದ್ದೂ ಮತ್ತೆ ಭಾನುವಾರ ಕೂತೆವು. ಮೊದಲಿಗಿಂತ ಹೆಚ್ಚು ಆಸೆಯಿಂದ ಕೂತೆವು ಎಂದರೂ ಸುಳ್ಳಲ್ಲ. ಏಳನೆಯ ದಿನಕ್ಕೆ ನಾನು ಏನು ಹೇಳಿದರೂ ಅವರಿಗೆ ಹಿಡಿಸಲಿಲ್ಲ. "ಇರಲಿ, ಅದನ್ನು ನಾನೇ ಬರೀತೇನೆ" ಎಂದರು.

ಹೋದ ವರ್ಷದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಐದೇ ದಿನ. ಕೊನೆಯ ಸಲ ನೋಡಲು ಹೋದಾಗ ಆಕಾಶದ ತುಂಬ ಮೋಡ. ಮಲಗಿದಲ್ಲಿಂದಲೇ, "ಸೂರ್ಯ ಎಷ್ಟು ಬೆರಳು ಉಂಟು ನೋಡು" ಎಂದರು. ಏನೂ ಕಾಣುತ್ತಿರಲಿಲ್ಲ. ಕಿಟಕಿಯ ಹತ್ತಿರ ನಿಂತು ಕೈ ಚಾಚಿ, ನಾಲ್ಕು ಎಂದೆ. ಗಂಜಿಯನ್ನು ಎರಡು ಚಮಚ ಕುಡಿದರು. ಅಲ್ಲಿ ಪಾತ್ರೆ ಮೇಲೆ ಬಂತು ಅಕ್ಕ ಎಂದು ನಾನೇ ಹೇಳಿದೆ. ಅವರು ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು.

ಬೀಗದಕೈ ಈಗ ಅವರ ತಮ್ಮನ ಸೊಸೆಯ ಹತ್ತಿರ ಇದೆ. ಕಂದು ಹೊದಿಕೆಯ ಪಾಸ್‌ಪೋರ್ಟನ್ನೂ ನೋಟ್‌ಬುಕ್ಕನ್ನೂ ಅವಳು ನನಗೆ ಕೊಟ್ಟಳು. ಪಾಸ್‌ಪೋರ್ಟಿನ ಪುಟಗಳಲ್ಲಿ ಒಂದು ಮುದ್ರೆಯೂ ಇಲ್ಲ. ನೋಟ್‌ಬುಕ್ಕಿನ ಕೊನೆಯಲ್ಲಿ ಅದೇ ದುಂಡಗಿನ ಅಕ್ಷರದಲ್ಲಿ ಏಳನೆಯ ದಿನ ಇತ್ತು:

"ಎಲ್ಲಿಗೂ ಹೋಗುವುದು ಬೇಡ. ಪಾತ್ರೆ ಇಟ್ಟ ಕೆರೆಯ ಬದಿಗೆ ಇನ್ನೊಮ್ಮೆ ಹೋಗಿ ಕೂರುವುದು. ಊರಿನಲ್ಲಿ ಆಗ ಸಂಜೆ ಆಗಿರುತ್ತದೆ. ಬಸದಿಗೆ ಬೀಗ ಹಾಕಿದ್ದಾರೋ ಇಲ್ಲವೋ ಎಂದು ಯೋಚನೆ ಮಾಡುವುದು."

ಅದನ್ನು ಓದಿ ನಾನು ಅವರ ಜಗಲಿಯಲ್ಲೇ ಕೂತು ಅತ್ತೆ. ಗಡಿಯ ಒಳಗಿದ್ದು ದ್ವೀಪಕ್ಕೆ ಹಂಬಲಿಸಿದವರು, ಆ ದ್ವೀಪದಲ್ಲಿ ಕೂತು ಈ ಓಣಿಗೆ ಹಂಬಲಿಸುವುದನ್ನೂ ಮೊದಲೇ ಬರೆದಿಟ್ಟಿದ್ದರು. ಅವರ ಜೊತೆಗೆ ಹೋಗಬೇಕು ಎಂಬ ಆಸೆ ನನಗೆ ಇವತ್ತಿಗೂ ಹೋಗಿಲ್ಲ. ಅದು ಹೋಗುವಂಥದ್ದೂ ಅಲ್ಲ.

ಬರುವ ಜೂನಿಗೆ ಟಿಕೇಟು ಮಾಡಿದ್ದೇನೆ. ಒಂದು ಸೀಟು. ವೀಸಾ ಆಗಿದೆ. ಅಮ್ಮನ ಜೊತೆ ಇರಲು ಚಿಕ್ಕಮ್ಮ ಬರುತ್ತಾಳೆ, ರಜೆಯೂ ಕೇಳಿದ ಕೂಡಲೇ ಸಿಕ್ಕಿತು. ಹೆಸರುಬೇಳೆ ಎಷ್ಟು ಕಟ್ಟಿಕೊಳ್ಳಬೇಕು ಎಂಬುದು ಮೂರನೆಯ ದಿನದ ಪುಟದಲ್ಲಿದೆ.

ಮೊನ್ನೆ ಆ ಓಣಿಗೆ ಹೋಗಿ ತಮ್ಮನ ಸೊಸೆಗೆ ಹೇಳಿ ಬಂದೆ. "ನಾನು ಅಲ್ಲಿ ಮುಟ್ಟಿದ ಏಳನೆಯ ದಿನ, ಸಂಜೆ ಬಸದಿಗೆ ಬೀಗ ಹಾಕಿದ ಕೂಡಲೇ ನನಗೊಂದು ಮೆಸೇಜ್ ಹಾಕ್ಬೇಕು. ಮರೀಬೇಡ, ಆಯ್ತಾ?"

"ಹಾಕ್ತೇನೆ. ಯಾಕೆ ಅಕ್ಕ?" ಎಂದಳು.

"ಅಲ್ಲಿ ಅವರು ಕೇಳ್ತಾರೆ," ಅಂದೆ.