ಕೆಳಗಿನ ಕಣ್ಣಿಗೂ ಒಂದು ಬೊಟ್ಟು

ಎಣ್ಣೆಯಲ್ಲಿ ಕಲಸಿದ ಕುಂಕುಮದ ವಾಸನೆ ಬಂದರೆ ಸಾಕು, ನನಗೆ ಈಗಲೂ ಸಿಟ್ಟು ಬರುತ್ತದೆ. ಹಬ್ಬದ ದಿನ ಯಾಕೆ ಮುಖ ಊದಿಸಿಕೊಂಡಿದ್ದೀಯ ಎಂದು ಮನೆಯಲ್ಲಿ ಕೇಳುತ್ತಾರೆ. ಏನೆಂದು ಹೇಳಲಿ? ಈ ಸಲದ ಆಯುಧಪೂಜೆಯಲ್ಲೂ ಹಾಗೇ ಆಯಿತು. ಕೆಂಪಾಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಲ್ಯಾಬಿನ ಮಾಲೀಕರ ತಾಯಿ ಬೆಳ್ಳಿ ಬಟ್ಟಲು ಹಿಡಿದು ಒಂದೊಂದೇ ಯಂತ್ರಕ್ಕೆ ಬೊಟ್ಟಿಡುತ್ತಾ ಬಂದರು. ಮೈಕ್ರೋಸ್ಕೋಪಿನ ಮುಂದೆ ನಿಂತವರು, ಕಷ್ಟಪಟ್ಟು ಬಗ್ಗಿ, ಅದರ ಕೆಳಗಿನ ಲೆನ್ಸಿಗೆ ಬೆರಳು ಒತ್ತಿಯೇಬಿಟ್ಟರು.

"ಅಲ್ಲಿಗಲ್ಲ ಅಜ್ಜೀ!" ಎಂದು ನಾನು ಕಿರುಚಿದ್ದಕ್ಕೆ ಬಟ್ಟಲು ಅವರ ಕೈಯಿಂದ ಜಾರಿತು. ಎಲ್ಲರೂ ನನ್ನನ್ನೇ ನೋಡಿದರು. ನಾನು ಮಾತ್ರ ಚಿಕ್ಕಜಾಲದ ಕಡೆಯ ನಮ್ಮ ಹೈಸ್ಕೂಲಿನಲ್ಲಿ, ಒಂಬತ್ತನೇ ತರಗತಿಯಲ್ಲಿ, ವಿಜ್ಞಾನದ ಮೇಷ್ಟ್ರ ಎದುರು ನಿಂತಿದ್ದೆ...

ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷಗಳವು. ಮೇಷ್ಟ್ರು ಹೆಬ್ಬಾಳದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ಪೀರಿಯಡ್ಡಿಗೆ ಬರುವಾಗ ಕನ್ನಡಕದ ಮೇಲೆಲ್ಲ ಧೂಳಿರುತ್ತಿತ್ತು. ಅದನ್ನು ಒರೆಸಿಕೊಂಡು, ಸ್ವಂತಕ್ಕೆ ತಂದ ಬಣ್ಣದ ಸೀಮೆಸುಣ್ಣದಲ್ಲಿ ಜೀವಕೋಶ ಬರೆಯುತ್ತಿದ್ದರು. ಭಿತ್ತಿ ಹಸಿರು, ಕೋಶಕೇಂದ್ರ ಕೆಂಪು. ನಾವು ಅದನ್ನು ಬರೆದೂ ಬರೆದೂ ಕೈ ನೋಯಿಸಿಕೊಳ್ಳುತ್ತಿದ್ದೆವು.

"ಇದು ಎಲ್ಲಿರ್ತದೆ ಸಾ?" ಎಂದು ನಾನು ಒಂದು ದಿನ ಕೇಳಿದೆ.

"ನಿನ್ನೊಳಗೇ ಇದೆ ಕಣಮ್ಮ. ಈರುಳ್ಳಿ ಒಳಗೂ ಇದೆ."

"ತೋರ್ಸಿ ಸಾ."

ಅವರು ಹೆಡ್‌ಮಾಸ್ಟರ ಕೋಣೆಯ ಕಡೆ ನೋಡಿದರು. ಶಾಲೆಗೆ ಇದ್ದದ್ದು ಒಂದೇ ಮೈಕ್ರೋಸ್ಕೋಪು. ಅದು ಆ ಕೋಣೆಯ ಬೀರುವಿನಲ್ಲಿ ಬೀಗದೊಳಗಿತ್ತು. ಮೇಷ್ಟ್ರು ಕೇಳಿದಾಗಲೆಲ್ಲ ಹೆಡ್‌ಮಾಸ್ಟರು, "ಒಡೆದು ಹೋದ್ರೆ ಯಾರ್ರೀ ಜವಾಬ್ದಾರಿ? ಬೋರ್ಡ್ ಮೇಲೆ ಚೆನ್ನಾಗೇ ಬರೀತೀರಲ್ಲ, ಸಾಕು ಬಿಡಿ" ಎನ್ನುತ್ತಿದ್ದರು. ನಾನೂ ಬಿಡಲಿಲ್ಲ. ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದೆ. ಕ್ಲಾಸಿನವರು ನನಗೆ 'ತೋರ್ಸಿ ಸಾ' ಎಂದೇ ಹೆಸರಿಟ್ಟರು. ಬೇರೇನೂ ಬೇಡವಾಗಿತ್ತು ನನಗೆ... ಅಷ್ಟು ಬರೆದಿದ್ದನ್ನು ಒಂದು ಸಲ ಕಣ್ಣಾರೆ ನೋಡಬೇಕಿತ್ತು, ಅಷ್ಟೇ.

ಕೊನೆಗೆ ಮೇಷ್ಟ್ರು ಹಟ ಹಿಡಿದು ಒಪ್ಪಿಗೆ ತಂದರು. ದಸರಾ ರಜೆ ಮುಗಿದ ಮೊದಲ ದಿನ, ಒಂದೇ ಒಂದು ಪೀರಿಯಡ್, ಹೆಡ್‌ಮಾಸ್ಟರ ಎದುರಿಗೇ.

ರಜೆ ಬಿಡುವ ದಿನ ಶಾಲೆಯಲ್ಲಿ ಪೂಜೆ. ಮೈಕ್ರೋಸ್ಕೋಪು ಬೀರುವಿನಿಂದ ಹೊರಬಂದದ್ದು ಅವತ್ತೇ ಮೊದಲು. ಗ್ಲೋಬು, ಘಂಟೆ, ತಕ್ಕಡಿಗಳ ಸಾಲಿನಲ್ಲಿ ಅದನ್ನೂ ಇಟ್ಟರು. ನಾನು ನುಗ್ಗಿ ಹೋಗಿ ಕುಂಕುಮದ ಬಟ್ಟಲು ಕಿತ್ತುಕೊಂಡೆ. ಆ ಕೆಲಸದಲ್ಲಿ ನಾನು ಪಳಗಿದವಳು. ಮನೆಯಲ್ಲಿ ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ಬೊಟ್ಟಿಡುತ್ತಿದ್ದವಳು ನಾನೇ. ಹೆಡ್‌ಲೈಟಿಗೆ ಬೊಟ್ಟಿಲ್ಲದ ಟ್ರ್ಯಾಕ್ಟರನ್ನು ಅಪ್ಪ ಆಯುಧಪೂಜೆಯ ದಿನ ಅಂಗಳದಿಂದ ಹೊರಗೇ ತೆಗೆಯುತ್ತಿರಲಿಲ್ಲ. ಹಾಗಾಗಿ ಮೈಕ್ರೋಸ್ಕೋಪಿನ ಮೇಲಿನ ಕಣ್ಣಿಗೊಂದು ಬೊಟ್ಟಿಟ್ಟೆ. ಕೆಳಗೆ ಎರಡು ಪುಟ್ಟ ಮೂತಿಗಳಿದ್ದವು, ಅವುಗಳ ಗಾಜಿನ ಕಣ್ಣಿಗೂ ಒಂದೊಂದು ಒತ್ತಿದೆ. ಉದುರದಿರಲೆಂದು ಎಣ್ಣೆಯನ್ನೂ ಧಾರಾಳವಾಗಿ ಹಾಕಿದ್ದೆ. ಪಕ್ಕದಲ್ಲೇ ಊದುಬತ್ತಿ ಹಿಡಿದು ನಿಂತಿದ್ದ ಮೇಷ್ಟ್ರು, "ಚೆನ್ನಾಗಿ ಇಟ್ಟಿದ್ದೀಯಮ್ಮ" ಎಂದರು.

ವಿಜ್ಞಾನದ ಮೇಷ್ಟ್ರು! ಅವರಿಗಾದರೂ ಹೊಳೆಯಬಾರದಿತ್ತೇ?

ರಜೆ ಮುಗಿಯುವಷ್ಟರಲ್ಲಿ ಕುಂಕುಮ ಎಣ್ಣೆಯ ಸಮೇತ ಗಾಜಿಗೆ ಕಚ್ಚಿಕೊಂಡಿತ್ತು. ಮೇಷ್ಟ್ರು ಮೇಲಿನದ್ದನ್ನು ಕೆರೆದು ಒರೆಸಿದರು. ಬಗ್ಗಿ ನೋಡದ ಹೊರತು ಕೆಳಗಿನದು ಕಾಣುತ್ತಿರಲಿಲ್ಲ. ಈರುಳ್ಳಿಯ ಪೊರೆ ಸುಲಿದು, ಬಣ್ಣದ ದ್ರಾವಣ ಇಲ್ಲದ್ದರಿಂದ ತಮ್ಮ ಪೆನ್ನಿನ ಕೆಂಪು ಶಾಯಿ ಹಚ್ಚಿ, ಗಾಜಿನ ಮೇಲಿಟ್ಟು ನೋಡಿದರು. ತಿರುಪು ತಿರುಗಿಸಿದರು. ಮತ್ತೆ ನೋಡಿದರು. ಹೆಡ್‌ಮಾಸ್ಟರು ಕೈಕಟ್ಟಿ ನಿಂತಿದ್ದರು. "ಶಾಯಿ ಸ್ವಲ್ಪ ಜಾಸ್ತಿ ಆಗಿದೆ... ಸಾಲಾಗಿ ಬನ್ನಿ" ಎಂದರು ಮೇಷ್ಟ್ರು.

ಒಬ್ಬೊಬ್ಬರೇ ನೋಡಿದರು. ಒಬ್ಬೊಬ್ಬರೂ "ಕಾಣ್ತು ಸಾ" ಎಂದರು. ನನ್ನ ಮುಂದಿದ್ದವಳಂತೂ "ಇಟ್ಟಿಗೆ ಗೋಡೆ ಇದ್ದಂಗೈತೆ ಸಾ" ಎಂದು ಪುಸ್ತಕದ ಸಾಲನ್ನೇ ಒಪ್ಪಿಸಿದಳು. ಕಣ್ಣಿಟ್ಟೆ. ಕೆಂಪು... ಬರೀ ಮಬ್ಬು ಕೆಂಪು. ಇನ್ನೊಂದು ಕಣ್ಣಿಟ್ಟೆ. ಅಷ್ಟೇ.

"ಏನೂ ಕಾಣ್ತಿಲ್ಲ ಸಾ" ಎಂದೆ.

"ಸರಿಯಾಗಿ ನೋಡಮ್ಮ."

"ನೋಡ್ದೆ ಸಾ. ಏನೂ ಇಲ್ಲ. ಇವ್ರೆಲ್ಲ ಸುಳ್ಳು ಹೇಳ್ತಾವ್ರೆ!"

ಹೆಡ್‌ಮಾಸ್ಟರು ಮುಂದೆ ಬಂದು ಮೈಕ್ರೋಸ್ಕೋಪನ್ನು ಓರೆ ಮಾಡಿ ಕೆಳಗಿನಿಂದ ನೋಡಿದರು. ಅವರ ಮುಖವೂ ಕುಂಕುಮದ ಬಣ್ಣಕ್ಕೆ ತಿರುಗಿತು. "ಯಾರಿದು ಲೆನ್ಸಿಗೆ ಮೆತ್ತಿರೋದು?"

ಮೇಷ್ಟ್ರು ನನ್ನ ಕಡೆ ತಿರುಗಿಯೂ ನೋಡದೆ, "ನಾನೇ ಸರ್" ಎಂದರು. ಕರ್ಚೀಫು ತೆಗೆದು ಒರೆಸಲು ಹೋದರು. ಎಣ್ಣೆ ಗಾಜಿಗೆಲ್ಲ ಹರಡಿತು. "ಮುಟ್ಬೇಡ್ರೀ ಸಾಕು! ಇದಕ್ಕೇ ನಾನು ಬೇಡ ಅಂದಿದ್ದು" ಎಂದು ಹೆಡ್‌ಮಾಸ್ಟರು, ನಲವತ್ತು ಮಕ್ಕಳ ಎದುರಿಗೆ, ಅದನ್ನು ಅವರ ಕೈಯಿಂದ ಕಿತ್ತುಕೊಂಡು ಹೋದರು. ನಾವು ಹತ್ತನೇ ತರಗತಿ ಮುಗಿಸಿ ಹೊರಡುವವರೆಗೂ ಆ ಬೀರು ತೆರೆಯಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಅವತ್ತೂ ಬಿಡಲಿಲ್ಲ, ಆಮೇಲೂ ಇಲ್ಲ. ಅವರು ಒಂದು ಸಲ ಬೈದಿದ್ದರೂ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ ಎಂದೇ ಅವರ ಮೇಲೆ ನನಗೆ ಕೋಪ. ಹತ್ತನೇ ತರಗತಿಯಲ್ಲಿ ಡಿಎನ್‌ಎ ಪಾಠ ಮಾಡುವಾಗ ಹುಡುಗಿಯರಿಂದ ಎರಡು ಜಡೆಯ ರಿಬ್ಬನ್ ಇಸಿದುಕೊಂಡು, ಒಂದಕ್ಕೊಂದು ಹೊಸೆದು ಎತ್ತಿ ಹಿಡಿದರು. ಅಜ್ಜಿಯ ಮೂಗು ಮೊಮ್ಮಗಳಿಗೆ ಬರುವುದು ಇದರಿಂದಲೇ ಎಂದರು. ಹಿಂದಿನ ಬೆಂಚಿನವನೊಬ್ಬ, "ಇದೂ ಕಾಣ್ತದಾ ಸಾ, ಕೆಂಪಗೆ?" ಎಂದ. ಎಲ್ಲರೂ ನಕ್ಕರು. ಮೇಷ್ಟ್ರು ರಿಬ್ಬನ್ ಬಿಚ್ಚಿ ಮೇಜಿನ ಮೇಲಿಟ್ಟರು.

"ನಂಬ್ಕೊಳ್ರಪ್ಪ" ಎಂದರು. "ನನ್ ಹತ್ರ ತೋರ್ಸೋಕೆ ಏನೂ ಇಲ್ಲ."

ಪಬ್ಲಿಕ್ ಪರೀಕ್ಷೆಯಲ್ಲಿ ಜೀವಕೋಶದ ಚಿತ್ರವೇ ಬಂತು. ಅಚ್ಚುಕಟ್ಟಾಗಿ ಬರೆದು ಭಾಗಗಳನ್ನು ಗುರುತಿಸಿದೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಬೇರೆಲ್ಲೂ ಬರೆದಿಲ್ಲ.

ಎರಡು ವರ್ಷದ ಕೆಳಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಮೇಷ್ಟ್ರ ಫೋಟೋ ಬಂತು, ಹಾರ ಹಾಕಿದ್ದು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು 'ಅವತ್ತು ಕುಂಕುಮ ಇಟ್ಟಿದ್ದು ನಾನು' ಎಂದು ಟೈಪು ಮಾಡಿ, ಅಳಿಸಿ, ನಾನೂ ಕೈಮುಗಿದ ಚಿತ್ರವನ್ನೇ ಹಾಕಿದೆ.

ಮೊನ್ನೆ ಅಜ್ಜಿಯನ್ನು ಸಮಾಧಾನ ಮಾಡಿ ಕೂರಿಸಿದ ಮೇಲೆ, ನಮ್ಮ ಲ್ಯಾಬಿನ ಟೆಕ್ನಿಷಿಯನ್ ಹುಡುಗಿ ಹತ್ತಿಗೆ ಸ್ಪಿರಿಟ್ ಹಚ್ಚಿ ಲೆನ್ಸನ್ನು ಮೆಲ್ಲಗೆ ಒರೆಸಿದಳು. ಹತ್ತಿ ಕೆಂಪಾಯಿತು. ಇನ್ನೊಂದು ತುಂಡು ತೆಗೆದುಕೊಂಡಳು. ಅದು ಬೆಳ್ಳಗೇ ಉಳಿಯಿತು.

"ಆಯ್ತಾ? ಇಷ್ಟೇನಾ?" ಎಂದೆ.

"ಇಷ್ಟೇ ಅಕ್ಕ. ಎರಡು ನಿಮಿಷದ ಕೆಲಸಕ್ಕೆ ಅಷ್ಟ್ ಜೋರಾಗಿ ಕಿರುಚೋದಾ?"

ಎರಡು ನಿಮಿಷ! ನನಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ. ನಡೆದದ್ದನ್ನು ಅವಳಿಗೆ ಹೇಳಿದೆ, ಮೊದಲ ಸಲ, ನಾನೇ ಇಟ್ಟದ್ದು ಎಂಬುದನ್ನೂ ಸೇರಿಸಿ. ಅವಳು ನಗಲಿಲ್ಲ. ಪ್ರಸಾದದ ಕೋಸಂಬರಿಗೆಂದು ತಂದಿದ್ದ ಸೌತೆಕಾಯಿಯ ಸಿಪ್ಪೆಯಿಂದ ಎಳೆ ಪೊರೆ ಸುಲಿದು, ಬಣ್ಣ ಹಚ್ಚಿ, ಗಾಜಿನ ಮೇಲಿಟ್ಟು, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು.

ಕಣ್ಣಿಟ್ಟೆ. ಒಂದಕ್ಕೊಂದು ಒತ್ತಿಕೊಂಡು ಮನೆಗಳು. ಪ್ರತಿ ಮನೆಯಲ್ಲೂ ಒಂದು ಚುಕ್ಕೆ, ಮೇಷ್ಟ್ರು ಕೆಂಪು ಸೀಮೆಸುಣ್ಣದಲ್ಲಿ ಇಡುತ್ತಿದ್ದಂಥದ್ದೇ. ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ...

"ಕಾಣ್ತಾ ಅಕ್ಕ?" ಎಂದಳು.

ಇದನ್ನು ಕೇಳಬೇಕಾದವರು ಅವಳಲ್ಲ. ಕಣ್ಣು ತೆಗೆಯದೆ, "ಕಾಣ್ತು ಸಾ" ಎಂದೆ.