ಕುರಿ ಹಿಡಿದ ಕೈ

ಮೊನ್ನೆ ಗೋಕಾಕ ಪೇಟೆಯಲ್ಲಿ ಎಣ್ಣೆ ಗಾಣದ ಮುಂದೆ ಹಾದು ಬರುವಾಗ ಬಿಸಿ ಕುಸುಬೆ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬಾಜೂ ಅಂಗಡಿಯಲ್ಲಿ ಯಾರೋ ಕರ್ಪೂರ ಕಟ್ಟಿಸಿಕೊಳ್ಳುತ್ತಿದ್ದರು. ಎರಡೂ ವಾಸನೆ ಕೂಡಿದ್ದೇ ತಡ, ಘೋಡಗೇರಿಯ ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು. ಆಟ ಮುಗಿದ ಸಂಜೆ ಎಣ್ಣೆಗೆ ಕರ್ಪೂರ ಹಾಕಿ ಕಾಸಿ, ಗೆದ್ದವರು ಸೋತವರು ಎನ್ನದೆ ಎಲ್ಲರ ಮೊಣಕಾಲಿಗೂ ತಿಕ್ಕುತ್ತಿದ್ದವರು ಅವರು. ಕೈಯಲ್ಲಿ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ...

ಕಾಕಾ ಕುರಿ ಕಾಯುವ ಮನೆತನದವರು. ಹಗಲೆಲ್ಲ ಕುರಿ, ಸಂಜೆಯಾದರೆ ಕಬಡ್ಡಿ. ನಮ್ಮ ಅಪ್ಪ ಊರಿನ ತಂಡದ ಕ್ಯಾಪ್ಟನ್. ಆಗ ಮ್ಯಾಟ್ ಇಲ್ಲ, ಬೂಟಿಲ್ಲ. ಬಯಲಿನಲ್ಲಿ ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದು ಬರಿಗಾಲಲ್ಲಿ ಆಡುತ್ತಿದ್ದರು. ಓಡುವ ಕುರಿಯ ಹಿಂಗಾಲು ಹಿಡಿದು ನಿಲ್ಲಿಸುವ ಕೈ ಕಾಕಾನದು. ಎದುರಾಳಿ ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಬಂದು ತಿರುಗುವಷ್ಟರಲ್ಲಿ, ಮೂಲೆಯಲ್ಲಿದ್ದ ಕಾಕಾ ಬಗ್ಗಿ ಅವನ ಕಾಲು ಹಿಡಿದಿರುತ್ತಿದ್ದರು. ಹುಕ್ಕೇರಿಯಲ್ಲಿರಲಿ, ಮೂಡಲಗಿಯಲ್ಲಿರಲಿ, ಜನ ಅವರನ್ನು ನೋಡಲೆಂದೇ ಬರುತ್ತಿದ್ದರು. ಶಿಳ್ಳೆ ಕೇಳಿದರೆ ಕಾಕಾ ನಾಚಿ ತಲೆ ತಗ್ಗಿಸುವರು. ಹಿಡಿದವನನ್ನು ತಾವೇ ಎಬ್ಬಿಸಿ, ಮೈಮೇಲಿನ ಮಣ್ಣು ಝಾಡಿಸಿ ಕಳಿಸುವರು.

ಗೋಕಾಕದಲ್ಲಿ ನಡೆದ ಒಂದು ಪಂದ್ಯ ಅವರ ಬದುಕನ್ನೇ ತಿರುಗಿಸಿತು. ಮೂಡಲಗಿಯ ತಂಡದ ಒಳ್ಳೆಯ ಆಟಗಾರನೊಬ್ಬ ಒಳಗೆ ಬಂದಿದ್ದ. ಕಾಕಾ ಅವನ ಕಾಲು ಹಿಡಿದರು. ಅವನು ಜೋರಾಗಿ ತಿರುವಿಕೊಂಡ. ಲಟಕ್ಕೆಂದು ಎಲುಬು ಮುರಿದ ಸಪ್ಪಳ ಗೆರೆಯಾಚೆ ನಿಂತವರಿಗೂ ಕೇಳಿತಂತೆ. ಆಟದ ಪಂಚರು ಕಾಕಾನ ತಪ್ಪು ಹಿಡಿಯಲಿಲ್ಲ. ನಮ್ಮೂರು ಗೆದ್ದಿತು. ಆದರೆ ಬಹುಮಾನದ ಢಾಲು ತೆಗೆದುಕೊಳ್ಳುವಾಗ ಕಾಕಾ ಅಲ್ಲಿರಲಿಲ್ಲ. ಅವನ ಮುರಿದ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಟೆಂಪೋದಲ್ಲಿ ದವಾಖಾನೆಗೆ ಹೋಗಿದ್ದರು.

ಮರುದಿನ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಮೂಡಲಗಿಗೆ ಹೊರಟರು. ಒಬ್ಬರೇ ಹೋದರೆ ಹೊಡೆದಾರು ಎಂದು ಅಪ್ಪನೂ ಸಂಗಡ ಹೋದರು. ಆ ಮನೆಯ ಬಾಗಿಲಲ್ಲಿ ನಡೆದದ್ದನ್ನು ಅಪ್ಪ ನಮಗೆ ಎಷ್ಟೋ ಸಲ ಹೇಳಿದ್ದಾರೆ. ಆಟಗಾರನ ತಾಯಿ ಹೊಸ್ತಿಲಲ್ಲೇ ತಡೆದಳು.

"ನನ್ನ ಮಗನ ಕಾಲ ಮುರದಾಂವ ನೀನ ಏನು?"

"ಹೌದ್ರಿ ಯವ್ವಾ, ನಾನ."

"ಮತ್ತ ಇಲ್ಲಿಗ್ಯಾಕ ಬಂದಿ?"

"ನಾಳೆ ನಿಮ್ಮ ಹೊಲಕ್ಕ ನೀರಿನ ಪಾಳಿ ಐತಂತ. ಕಬ್ಬಿಗೆ ನೀರ ಹಾಯಸಾಕ ಬಂದೇನ್ರಿ."

ಆಕೆ ಬೈದಳು, ಅತ್ತಳು. ಕೊನೆಗೆ ದನದ ಕೊಟ್ಟಿಗೆಯ ಕಡೆ ಕೈ ಮಾಡಿ, ಸಲಿಕೆ ಅಲ್ಲೈತಿ ಅಂದಳು.

ಅವನು ಮತ್ತೆ ನೆಲಕ್ಕೆ ಕಾಲೂರುವವರೆಗೂ ಕಾಕಾ ಆ ಹೊಲ ಬಿಡಲಿಲ್ಲ. ನಡುನಡುವೆ ಊರಿಗೆ ಬಂದು ಮನೆ ನೋಡಿಕೊಂಡು ಹೋಗುತ್ತಿದ್ದರು. ಅದೇ ಹೊತ್ತಿಗೆ ಬೆಳಗಾವಿಯಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಅಲ್ಲಿ ಆಯ್ಕೆಯಾದವರಿಗೆ ಮುಂದೆ ಪೊಲೀಸ್ ನೌಕರಿ ಸಿಗುವ ಮಾತೂ ಇತ್ತು. ಅಪ್ಪ ಅವರ ಕೈ ಹಿಡಿದು, "ಒಂದಿನ ಬಂದ ಹೋಗೋ ಹುಚ್ಚಾ, ನಿನ್ನ ಬಾಳೇ ಬದಲಾಕ್ಕೈತಿ" ಎಂದರಂತೆ. "ಆತ ನಡೀಲಿ ಮೊದ್ಲ" ಎಂದಷ್ಟೇ ಹೇಳಿ ಕಾಕಾ ನೀರಿನ ಒಡ್ಡು ಕಟ್ಟಲು ಹೋದರು. ಅಂಥ ಕರೆ ಮತ್ತೆ ಬರಲಿಲ್ಲ.

ಆಮೇಲೂ ಅವರು ಆಡಿದರು. ಆದರೆ ಯಾರ ಕಾಲನ್ನೂ ಹಿಡಿಯಲಿಲ್ಲ. ನಡು ಹಿಡಿಯುವರು, ರಟ್ಟೆ ಹಿಡಿಯುವರು. ಬಂದವರು ಜಾರಿಕೊಂಡು ಹೋಗುವರು. ಶಿಳ್ಳೆ ಹೊಡೆದ ಜನವೇ ನಗತೊಡಗಿತು. ನಾನು ಕಾಲೇಜಿನಲ್ಲಿದ್ದಾಗ ಊರಲ್ಲಿ ಹಳೆಯ ಆಟಗಾರರದೊಂದು ಪಂದ್ಯ ಇಟ್ಟಿದ್ದರು. ಒಬ್ಬ ಆಟಗಾರನ ಕಾಲು ಕಾಕಾನ ಕೈಗೆ ಸಿಗುವಷ್ಟು ಹತ್ತಿರ ಬಂತು. "ಹಿಡೀರಿ ಕಾಕಾ, ಹಿಡೀರಿ!" ಎಂದು ನಾನೂ ಕೂಗಿದೆ. ಕೈ ಮುಂದೆ ಹೋಯಿತು... ಹೋಗಿದ್ದು ಹಿಂದಕ್ಕೆ ಬಂತು. ಅಂದು ಸಂಜೆ ಕಾಕಾ ಅಪ್ಪನ ಮೊಣಕಾಲು ತಿಕ್ಕುತ್ತಿದ್ದಾಗ ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ಆ ಸಪ್ಪಳ ಇನ್ನಾ ಕೈಯಾಗ ಐತಿ ತಂಗಿ" ಎಂದರು. ಅಪ್ಪ ಮುಖ ಆ ಕಡೆ ತಿರುಗಿಸಿದರು.

ಹೋದ ಮಳೆಗಾಲದಲ್ಲಿ ಕಾಕಾ ಜ್ವರ ಬಂದು ಮಲಗಿದರು. ನಾನೀಗ ಗೋಕಾಕದಲ್ಲೇ ಶಿಕ್ಷಕಿ. ಶಾಲೆ ಬಿಟ್ಟೊಡನೆ ದವಾಖಾನೆಗೆ ಹೋಗುತ್ತಿದ್ದೆ. ಒಂದು ದಿನ ಹಿರಿಯರೊಬ್ಬರು ಕಾಲು ತುಸು ಎಳೆಯುತ್ತ ಬಂದು, ಅವರ ಮಂಚದ ಬಳಿ ಕೂತು ಗಂಜಿ ಕುಡಿಸಿದರು. ಕೇಳದೆಯೇ ತಿಳಿಯಿತು, ಮೂಡಲಗಿಯವರು. ಹೊರಗೆ ಬಂದಾಗ ಅವರು ನನಗೆ ಹೇಳಿದರು: "ಕಾಲ ತಿರುವಿಕೊಂಡಾಂವ ನಾನ ರೀ ಟೀಚರ. ಈತನ ತಪ್ಪ ಏನೂ ಇರಲಿಲ್ಲ. ಹೇಳಿ ಹೇಳಿ ಸಾಕಾತು. ಹೂಂ ಅಂತಿದ್ದ, ಮತ್ತ ನನ್ನ ಕಾಲ ನೋಡತಿದ್ದ."

ಕಾಕಾ ಮನೆಗೆ ಮರಳಲಿಲ್ಲ. ಮಣ್ಣಿಗೆ ಒಯ್ಯುವಾಗ ಮೂಡಲಗಿಯ ಆ ಹಿರಿಯರೂ ಹೆಗಲು ಕೊಟ್ಟರು. ನಿಮ್ಮ ಕಾಲಿಗೆ ತ್ರಾಸಾದೀತು ಎಂದು ಎಷ್ಟು ಜನ ಹೇಳಿದರೂ ಬಿಡಲಿಲ್ಲ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಶಾಲೆಯ ಬಯಲಲ್ಲಿ ಹುಡುಗರ ಪಂದ್ಯವಿತ್ತು. ನಮ್ಮೂರ ಹುಡುಗನೊಬ್ಬ ಮೂಲೆಯಿಂದ ಬಗ್ಗಿ ಕಾಲು ಹಿಡಿದ ರೀತಿ ಕಂಡು ಅಪ್ಪ ಎದ್ದು ನಿಂತರು. ಮುಗಿದೊಡನೆ ನನ್ನನ್ನೂ ಕಾಯದೆ ದಡದಡ ನಡೆದು ಕಾಕಾನ ಮನೆಯ ಕಟ್ಟೆಯವರೆಗೆ ಹೋದರು. ಹೋಗಿ, ಅಲ್ಲೇ ನಿಂತುಬಿಟ್ಟರು...

ಕಾಕೂ ಹೊರಗೆ ಬಂದರು. ಗಂಡನ ಆಟವನ್ನು ಒಂದು ದಿನವೂ ನೋಡಿದವರಲ್ಲ. "ಕುಂದರ್ರಿ ಅಣ್ಣಾರ. ಏನಾತ ಹೇಳ್ರಿ" ಎಂದರು. ಅಪ್ಪ ಕುಳಿತು, ತೊದಲುತ್ತ, ಇಡೀ ಪಂದ್ಯ ಹೇಳಿದರು. ಕಾಕೂ ಕೊನೆಯವರೆಗೂ ಕೇಳಿ ಒಂದೇ ಮಾತು ಕೇಳಿದರು.

"ಸಿಕ್ಕ ಹುಡುಗಗ ಪೆಟ್ಟಾಗ್ಲಿಲ್ಲ ಹೌದಲ್ರಿ?"

"ಇಲ್ಲವ್ವಾ. ಎದ್ದ ಓಡಿ ಹೋದ."

ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡು, ಚಹಾ ಇಡಲು ಒಳಗೆ ಹೋದರು.